ಹಗೇವಿಗೆ ಇಳಿಸಿದ ಲಾಂದ್ರ

ನಮ್ಮ ಒಂಟಿಕೊಪ್ಪಲಿನಲ್ಲಿ ಯಾರಾದರೂ ಮನೆ ಕಟ್ಟಲು ಹೊರಟರೆ ಬೀದಿಗೆಲ್ಲ ಮೊದಲೇ ಗೊತ್ತಾಗುತ್ತದೆ. ಪಕ್ಕದ ಮನೆಯ ಕೆಂಪಯ್ಯನವರು ಹಿತ್ತಿಲಲ್ಲಿ ಒಂದು ಕೋಣೆ ಕಟ್ಟಿಸಲು ನಿಶ್ಚಯಿಸಿದಾಗಲೂ ಹಾಗೆಯೇ ಆಯಿತು. ಪುರೋಹಿತರಿಗೆ ಹೇಳಿದರು. ತಮ್ಮ ಊರಿಗೆ ಹೋಗಿ ಮನೆದೇವರಿಗೆ ಹೇಳಿ ಬಂದರು. ನಮ್ಮ ಮನೆಗೂ ಬಂದು, "ಅಮ್ಮಾವ್ರೇ, ಒಂದಷ್ಟು ದಿನ ಧೂಳು ಬತ್ತದೆ. ಬಟ್ಟೆ ಆ ಕಡೆ ಒಣಗಾಕ್ಕೊಳ್ಳಿ" ಎಂದರು. ನನ್ನ ಎರಡು ಸೀರೆಗಳ ಬಗ್ಗೆ ಅಷ್ಟು ಯೋಚಿಸುವ ಮನುಷ್ಯ.

ಕೋಣೆಗೆ ಅವಸರವಿತ್ತು. ಮಗಳು ಕಮಲ ಚೊಚ್ಚಲ ಹೆರಿಗೆಗೆ ಬರುವವಳು, ದೀಪಾವಳಿಯ ಹೊತ್ತಿಗೆ ದಿನ ತುಂಬುತ್ತಿತ್ತು. ಮನೆಯಲ್ಲಿದ್ದದ್ದು ಒಂದು ನಡುಮನೆ, ಒಂದು ಅಡಿಗೆಮನೆ. ಆಷಾಢಕ್ಕೆ ಐದೇ ದಿನ ಉಳಿದಿತ್ತು. ಅಷ್ಟರಲ್ಲಿ ಗುದ್ದಲಿ ಪೂಜೆ ಆಗದಿದ್ದರೆ ಒಂದು ತಿಂಗಳು ಕೈಬಿಟ್ಟಂತೆ.

"ಮುನಿಸಿಪಾಲಿಟಿಗೆ ತಿಳಿಸಿದಿರಾ?" ಎಂದು ಕೇಳಿದೆ.

"ಅವರಿಗ್ಯಾಕೆ ಅಮ್ಮಾವ್ರೇ? ನನ್ ಹಿತ್ಲು, ನನ್ ಕಲ್ಲು. ಅವ್ರೇನು ಬಂದು ಬಾಣಂತನ ಮಾಡ್ತಾರಾ? ಟೇಪು ಹಿಡ್ಕೊಂಡು ಬತ್ತಾರೆ. ಅಲ್ಲಿ ಸರಿಯಿಲ್ಲ, ಇಲ್ಲಿ ಸರಿಯಿಲ್ಲ ಅಂತಾರೆ. ಅಷ್ಟೊತ್ಗೆ ಆಷಾಢ ಬಂದು ಹೊಸಲಲ್ಲಿ ಕೂತಿರ್ತದೆ."

"ಅವರು ಬರುವುದು ಗೋಡೆಗಾಗಿ ಮಾತ್ರ ಅಲ್ಲ, ಅಗೆಯುವವರಿಗಾಗಿ. ನೆಲದೊಳಗೆ ನೀರಿನ ಕೊಳವೆ ಇರಬಹುದು, ಮುಚ್ಚಿದ ಬಾವಿ ಇರಬಹುದು. ಅವರ ಹತ್ತಿರ ಹಳೆಯ ನಕ್ಷೆಗಳಿವೆ. ಬೆಟ್ಟಯ್ಯ ಗುಂಡಿಯಲ್ಲಿ ನಿಂತ ಮೇಲೆ ಗೊತ್ತಾದರೆ ಏನು ಪ್ರಯೋಜನ?"

ಬೆಟ್ಟಯ್ಯ ಪಾಯ ತೆಗೆಯುವವನು. ಅಲ್ಲೇ ಹಾರೆ ಊರಿಕೊಂಡು ನಿಂತಿದ್ದ.

"ಏನಯ್ಯ ಬೆಟ್ಟಯ್ಯ, ಯಾವತ್ತಾರ ನಕ್ಷೆ ನೋಡಿ ಅಗ್ದಿದ್ದೀಯಾ?" ಎಂದು ಕೆಂಪಯ್ಯನವರು ನಕ್ಕರು.

"ನಕ್ಷೆ ನಂಗೇನು ಗೊತ್ತಾದದು ಬುಡಿ. ಹಾರೆ ಹೇಳ್ದಂಗೆ ಕೇಳ್ತೀನಿ."

ಕೆಂಪಯ್ಯನವರ ಹೆಂಡತಿ ದೇವಿರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಕೈ ನಿಲ್ಲಿಸಿ, "ಅಲ್ಲಾ ಕಣ್ರೀ, ಊರಲ್ಲಿ ಹಗೇವು ತೆಗೆಯೋವಾಗ ನಿಮ್ಮಪ್ಪ ಏನ್ ಮಾಡ್ತಿದ್ರು?" ಎಂದರು.

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಗುಂಡಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಸೇರಿರುತ್ತದೆ. ಆದ್ದರಿಂದ ತೆಗೆಯುವ ದಿನ ಅಕ್ಕಪಕ್ಕದವರಿಗೆಲ್ಲ ಹೇಳುತ್ತಾರೆ. ಬಾಯಿ ತೆರೆದು ಗಾಳಿಯಾಡಲು ಬಿಡುತ್ತಾರೆ. ಆಮೇಲೆ ದೀಪ ಇಳಿಸುತ್ತಾರೆ. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯುವುದು.

"ಯಾರ್ಗೂ ಹೇಳ್ದೆ ಇಳ್ದೋರು ಒಬ್ರೇ, ನಿಮ್ ಚಿಕ್ಕಪ್ಪ" ಎಂದರು ದೇವಿರಮ್ಮ, ತಗ್ಗಿದ ದನಿಯಲ್ಲಿ. "ಆವತ್ತೂ ಅವಸರವೇ. ನೆಂಟ್ರು ಬಂದಿದ್ರು, ರಾಗಿ ಬೇಕಿತ್ತು. ಇಳ್ದೋರು ಜೀವಂತ ಮೇಲಕ್ಕೆ ಬರ್ಲಿಲ್ಲ."

ಕೆಂಪಯ್ಯನವರು ಬೆಟ್ಟಯ್ಯನ ಕಡೆ ತಿರುಗಿ ನೋಡಿದರು. ಆಮೇಲೆ, "ಕಚೇರಿಗೆ ಒಂದು ಕಾಗದ ಬರ್ಕೊಡಿ ಅಮ್ಮಾವ್ರೇ" ಎಂದರು.

ಅರ್ಧ ಹಾಳೆ ಸಾಕಾಯಿತು. ಎಲ್ಲಿ ಕಟ್ಟುವುದು, ಏನು ಕಟ್ಟುವುದು, ಎಂದು ಶುರು, ಪಾಯ ಎಷ್ಟು ಆಳ, ಅಗೆಯುವವರು ಯಾರು. ಮರುದಿನ ಬೆಳಿಗ್ಗೆ ಕೆಂಪಯ್ಯನವರೇ ಕಚೇರಿಗೆ ಕೊಟ್ಟು, ಮೊಹರು ಹಾಕಿದ ಪ್ರತಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದರು.

ಮೂರನೆಯ ದಿನ ಓವರ್‌ಸಿಯರ್ ಮಹದೇವಯ್ಯನವರು ಸೈಕಲ್ಲಿನಲ್ಲಿ ಬಂದರು. ದೇವಿರಮ್ಮ ಕೊಟ್ಟ ಮಜ್ಜಿಗೆಯ ಲೋಟವನ್ನು ಬಿಸಿಲಲ್ಲಿ ನಿಂತಿದ್ದ ಬೆಟ್ಟಯ್ಯನ ಕೈಗಿತ್ತು, ತಾವು ಎರಡನೆಯದನ್ನು ತೆಗೆದುಕೊಂಡರು. ಆಷಾಢದ ಮಾತು ಕೇಳಿ ನಗಲಿಲ್ಲ.

"ಪೂಜೆ ಮುಹೂರ್ತಕ್ಕೇ ಮಾಡಿ. ಈ ಮೂಲೇಲಿ ಒಂದು ಗುದ್ದಲಿ ಮಣ್ಣು ತೆಗೀರಿ, ಸಾಕು. ಮಿಕ್ಕದ್ದು ನಾನು ನೋಡಿದ ಮೇಲೆ" ಎಂದು ನಕ್ಷೆ ಬಿಚ್ಚಿದರು. "ನೋಡಿ, ಕೊಪ್ಪಲು ಹಳ್ಳಿಯಾಗಿದ್ದಾಗ ಈ ಹಿತ್ತಿಲು ಒಕ್ಕಣೆ ಕಣ. ಕಣದ ಪಕ್ಕ ಏನಿರ್ತದೆ, ನಿಮಗೇ ಗೊತ್ತಲ್ಲ."

"ಹಗೇವು" ಎಂದರು ಕೆಂಪಯ್ಯನವರು.

ಬೆಟ್ಟಯ್ಯ ಅಂಚಿನಿಂದ ಹಾರೆಯಲ್ಲಿ ತಟ್ಟುತ್ತ ಬಂದ. ಸೀಬೆ ಗಿಡದ ಹತ್ತಿರ ಸದ್ದು ಪೊಳ್ಳಾಯಿತು. ಮಹದೇವಯ್ಯನವರು ಎಲ್ಲರನ್ನೂ ಹಿಂದಕ್ಕೆ ಕಳಿಸಿ, ಹಲಗೆ ಹಾಸಿಸಿ, ಮೆಲ್ಲಗೆ ಮಣ್ಣು ತೆಗೆಸಿದರು. ಕೆಳಗೆ ಒಂದು ಚಪ್ಪಡಿ. ಅದನ್ನು ಹಗ್ಗದಿಂದ ಸರಿಸಿ, ಸುತ್ತ ಮುಳ್ಳು ಕಟ್ಟಿಸಿ, ಹಾಗೇ ಬಿಟ್ಟರು.

ಮರುದಿನ ಮಧ್ಯಾಹ್ನ ಕೆಂಪಯ್ಯನವರೇ ಲಾಂದ್ರಕ್ಕೆ ಹಗ್ಗ ಕಟ್ಟಿ ಇಳಿಸಿದರು. ಒಂದು ಮಾರು ಹೋಯಿತು, ಉರಿ ಚೆನ್ನಾಗಿತ್ತು. ಎರಡನೆಯ ಮಾರಿಗೆ ಸಣ್ಣದಾಯಿತು. ಆಮೇಲೆ ಆರಿತು.

ಪಾಯದ ದಾರ ಎಳೆದಿದ್ದದ್ದು ಆ ಬಾಯಿಯ ಮೇಲೆಯೇ.

ಕೆಂಪಯ್ಯನವರು ಲಾಂದ್ರವನ್ನು ಎಳೆದುಕೊಂಡು ಕೈಯಲ್ಲಿ ಹಿಡಿದೇ ಕೇಳಿದರು: "ಬೆಟ್ಟಯ್ಯ, ನಿಂಗೆ ಮಕ್ಕಳೆಷ್ಟು?"

"ಮೂರು, ಯಜಮಾನ್ರೇ."

"ಇಷ್ಟು ದಿನ ಕೇಳೇ ಇರ್ಲಿಲ್ಲ ನೋಡು."

ಹಗೇವಿಗೆ ಮೇಲಿನಿಂದಲೇ ಕಲ್ಲು ಮಣ್ಣು ತುಂಬಿ ಗಟ್ಟಿಮಾಡಿದರು. ಪಾಯವನ್ನು ಮೂರು ಅಡಿ ಆಚೆಗೆ ಹಾಕಿದರು. ಗುದ್ದಲಿ ಪೂಜೆ ಮುಹೂರ್ತಕ್ಕೇ ಆಗಿತ್ತು, ಕೆಲಸ ಮಾತ್ರ ಎರಡು ವಾರ ತಡವಾಯಿತು. ಕಮಲ ಬಂದಾಗ ಗೋಡೆಯ ಸುಣ್ಣ ಇನ್ನೂ ಹಸಿ. ಹತ್ತು ದಿನ ನಮ್ಮ ಮನೆಯಲ್ಲಿ ಮಲಗಿದಳು. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಕೂಸಿನ ನಾಮಕರಣಕ್ಕೆ ಬೆಟ್ಟಯ್ಯ ಮೂರು ಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಕೆಂಪಯ್ಯನವರು ತಾವೇ ಎಲೆ ಹಾಕಿ ಬಡಿಸಿದರು.

ಇದನ್ನು ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆ ಕಟ್ಟುವಾಗ ಪುರೋಹಿತರಿಗೆ ಹೇಳಿ, ದೇವರಿಗೆ ಹೇಳಿ, ನೆರೆಯವರಿಗೂ ಹೇಳಿ. ಗುದ್ದಲಿ ನೆಲಕ್ಕೆ ಬೀಳುವ ಮೊದಲು ಕಚೇರಿಗೂ ಒಂದು ಕಾಗದ ಕೊಡಿ. ಅವರು ಬಂದು ನೋಡುವ ತನಕ ಕಾಯಿರಿ. ಬರೆಯಲು ಬಾರದಿದ್ದರೆ ನಾಚಿಕೆ ಬೇಡ, ಪಕ್ಕದ ಮನೆಯಲ್ಲಿ ಕೇಳಿ, ಬರೆದುಕೊಡುತ್ತಾರೆ. ಆ ಕಾಗದದಲ್ಲಿ ನಿಮ್ಮ ಹೆಸರಿನ ಜೊತೆಗೆ ಗುಂಡಿಗೆ ಇಳಿಯುವವನ ಹೆಸರನ್ನೂ ಕೇಳಿ ಬರೆಯಿರಿ. ಅವನ ಮನೆಯಲ್ಲೂ ಸಂಜೆಗೆ ದಾರಿ ನೋಡುವವರಿದ್ದಾರೆ.