ಒಗೆದರೂ ಹೋಗದ ಕರಿ

ಮಾನ್ಯ ವಾಚಕ ಮಹಾಶಯರೇ, ಚಿತ್ತಾರದ ಬಟ್ಟೆಯನ್ನು ಕಂಡು ತಲೆದೂಗುವ ತಾವು, ಅದಕ್ಕೆ ಅಚ್ಚೊತ್ತಿದ ಅಂಗೈಯ ಕಡೆಗೂ ಒಮ್ಮೆ ದೃಷ್ಟಿ ಹರಿಸಬೇಕೆಂದು ಪ್ರಾರ್ಥನೆ. ಆ ಅಂಗೈ ಹಿಮ್ಮಡಿಯಂತೆ ಗಟ್ಟಿಯಾಗಿತ್ತು. ಅದರ ಒಡತಿಯನ್ನು ಎಲ್ಲರೂ ಅಚ್ಚಿನಕ್ಕ ಎನ್ನುತ್ತಿದ್ದರು.

ಮೂರು ವರ್ಷಗಳಿಂದ ಅಚ್ಚಿನಕ್ಕ ಒಂದೇ ಬಟ್ಟೆಗೆ ಅಚ್ಚೊತ್ತುತ್ತಿದ್ದಳು. ಉತ್ಪ್ರೇಕ್ಷೆಯಲ್ಲ. ಅಂಗಡಿಯ ಮುಂಗೋಣೆಯಲ್ಲಿ, ಗೋಣಿ ಹಾಸಿದ ಮೇಜಿನ ಹಿಂದೆ ಅವಳನ್ನು ನಿಲ್ಲಿಸಿದ್ದರು. ಕೈಕಸುಬು ಕಾಣಲೆಂದು ಬಂದ ಗಿರಾಕಿಗಳು ಸುತ್ತ ನೆರೆದು ನೋಡುತ್ತಿದ್ದರು. ಅವಳು ಮರದ ಅಚ್ಚನ್ನು ಬಣ್ಣಕ್ಕೆ ಮುಟ್ಟಿಸಿ, ಬಟ್ಟೆಯ ಮೇಲಿಟ್ಟು, ಅಂಗೈಯಿಂದ ಗುದ್ದುತ್ತಿದ್ದಳು. ವಿವರಣೆಯೆಲ್ಲ ಅಂಗಡಿಯ ಧಣಿಯದು, ಅವಳು ಬಾಯಿ ಬಿಡಕೂಡದು. ಸಂಜೆಯಾದರೆ ಒಗೆಯುವ ತಾತ ಆ ಕಚ್ಚಾ ಬಣ್ಣವನ್ನು ತೊಳೆದು ಬಟ್ಟೆಯನ್ನು ಬಿಳಿ ಮಾಡುತ್ತಿದ್ದ. ಮರುದಿನ ಮತ್ತೆ ಅದೇ ಬಟ್ಟೆ. ಅವಳ ಕೈಯದೆಂದು ಕಪಾಟಿನಿಂದ ಮಾರಾಟವಾಗುತ್ತಿದ್ದುದೆಲ್ಲ ಯಂತ್ರದ ಮಾಲು.

"ನಮ್ಮಿಬ್ಬರ ದುಡಿಮೆ ಸೇರಿಸಿದ್ರೆ ಸೊನ್ನೆ ಕಣಮ್ಮ," ಎಂದು ತಾತ ನಗುತ್ತಿದ್ದ. "ನೀನು ಹಾಕ್ತೀಯ, ನಾನು ತೆಗೀತೀನಿ."

ಬಿಟ್ಟು ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅವಳ ಅಪ್ಪ ಕೊರೆದ ಹನ್ನೊಂದು ಅಚ್ಚುಗಳು ಅಲ್ಲಿದ್ದವು. ಎಣ್ಣೆ ಉಣಿಸಿಕೊಡುತ್ತೇನೆಂದು ಇಸಿದುಕೊಂಡ ಧಣಿ ಅವನ್ನು ಗಾಜಿನ ಬೀರುವಿಗೆ ಸೇರಿಸಿ ಬೀಗ ಜಡಿದಿದ್ದ. ಬೆಳಿಗ್ಗೆ ತೆಗೆದುಕೊಟ್ಟು ಸಂಜೆ ಒಳಗಿಡುತ್ತಿದ್ದ. ಕೇಳಿದಾಗಲೆಲ್ಲ ಒಂದೇ ಉತ್ತರ: "ಹೋಗಮ್ಮ, ನಿನ್ನ ಕಟ್ಟಿಹಾಕಿದವರು ಯಾರು? ಅಚ್ಚು ಮಾತ್ರ ಅಂಗಡೀದು." ಅಪ್ಪ ತೀರಿಹೋಗಿದ್ದ. ಆ ನಕ್ಷೆಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಒಂದು ಸಂಜೆ ಅವಳು ತಾತನಿಗೆ, ಬಟ್ಟೆ ಒಗೆದ ಮೇಲೆ ಒಗರಾದ ಅಳಲೆಕಾಯಿ ಬೇಯಿಸಿದ ನೀರಿನಲ್ಲಿ ಅದ್ದಿಡಲು ಹೇಳಿದಳು. ತಾತ ಅವಳ ಮುಖ ನೋಡಿ ಒಲೆ ಹೊತ್ತಿಸಿದ. ಅವನಿಗೆ ಕಸುಬು ಗೊತ್ತಿತ್ತು.

ಬೆಳಿಗ್ಗೆ ಬಟ್ಟೆ ಹಳದಿಗೆ ತಿರುಗಿದ್ದನ್ನು ಕಂಡು ಧಣಿ ಹುಬ್ಬು ಗಂಟಿಕ್ಕಿದ. ಹಳೆಯದಾಯಿತಲ್ಲ, ಬಿಳಿ ಎಲ್ಲಿಂದ ತರಲಿ ಎಂದ ತಾತ. ಬಣ್ಣದ ತಟ್ಟೆಯಲ್ಲಿ ಆ ದಿನ ಅವಳು ಗುಟ್ಟಾಗಿ ತಂದ, ತುಕ್ಕುಮೊಳೆಯನ್ನು ಹುಳಿಯಲ್ಲಿ ಕೊಳೆಹಾಕಿದ ನೀರಿತ್ತು. ಒಗರಿನ ಬಟ್ಟೆಗೆ ತಾಗಿದರೆ ಜನ್ಮಕ್ಕೂ ಬಿಡದ, ಅಪ್ಪ ಹೇಳಿಕೊಟ್ಟ ಕರಿ. ಅಚ್ಚಿನಕ್ಕ ಎಂದಿನಂತೆ ಸಾಲುಸಾಲಾಗಿ ಒತ್ತಲಿಲ್ಲ. ಹನ್ನೊಂದು ಅಚ್ಚುಗಳನ್ನೂ ಬಿಡಿಬಿಡಿಯಾಗಿ, ಒಂದು ಗೆರೆಯೂ ಕದಡದಂತೆ ಒತ್ತಿದಳು.

ನೋಡುತ್ತಿದ್ದ ಟೀಚರೊಬ್ಬಳು ಕೇಳಿದಳು: "ಅಕ್ಕಾ, ಕೈಯಚ್ಚು ಯಾವುದು ಅಂತ ಗುರುತು ಹಿಡಿಯೋದು ಹೇಗೆ?"

ಧಣಿ ಬಾಯಿ ತೆರೆಯುವ ಮೊದಲೇ ಅಚ್ಚಿನಕ್ಕ ಅಂದಳು: "ಅಚ್ಚಿಗೆ ಅಚ್ಚು ಸೇರೋ ಕಡೆ ಕೂದಲೆಳೆಯಷ್ಟಾದ್ರೂ ತಪ್ಪಿರುತ್ತೆ ತಾಯಿ. ಕಪಾಟಿನ ಬಟ್ಟೆ ಬಿಡಿಸಿ ಹುಡುಕಿ. ಒಂದು ತಪ್ಪು ಸಿಕ್ಕಿದ್ರೆ ಅದು ನಂದು."

ಮಡಿಕೆಗಳು ಬಿಚ್ಚಿಕೊಂಡವು. ತಪ್ಪು ಸಿಗಲಿಲ್ಲ. ಬಂದವರು ಬಟ್ಟೆಗಳನ್ನು ಹಾಗೆಯೇ ಬಿಟ್ಟು ಒಬ್ಬೊಬ್ಬರಾಗಿ ಹೊರನಡೆದರು.

ಧಣಿ ಅಚ್ಚುಗಳನ್ನು ಬಾಚಿ ಬೀರುವಿಗೆ ತುಂಬಿ ಬೀಗ ತಿರುವಿದ. ಬರಿಗೈಯಲ್ಲಿ ತೊಲಗೆಂದು ಅವಳಿಗೆ ಹೇಳಿ, ಬಟ್ಟೆಯನ್ನು ತಾತನತ್ತ ಎಸೆದ. ತಾತ ಅದನ್ನು ತೊಟ್ಟಿಯಲ್ಲಿ ಅದ್ದಿ, ಉಜ್ಜಿ, ಕಲ್ಲಿಗೆ ಬಡಿದು, ಎತ್ತಿ ಹಿಡಿದ. ಕರಿ ಒಂದಿಷ್ಟೂ ಮಾಸಿರಲಿಲ್ಲ.

"ಹೋಗಲ್ಲ ಧಣಿ. ಇನ್ನು ನೆಲ ಒರೆಸೋಕೆ ಅಷ್ಟೆ."

"ಅವಳ ಮುಖಕ್ಕೆ ಎಸಿ."

ತಾತ ಎಸೆಯಲಿಲ್ಲ. ಹಿಂಡಿ, ಮಡಿಸಿ, ಎರಡೂ ಕೈಯಿಂದ ಕೊಟ್ಟ. ಮರ ಕೊರೆಯುವವನೊಬ್ಬ ಸಿಕ್ಕರೆ ಈ ಗುರುತುಗಳ ಮೇಲಿಂದಲೇ ಹನ್ನೊಂದು ಅಚ್ಚುಗಳೂ ಮತ್ತೆ ಏಳುತ್ತವೆ. ಕಸುಬು ತಿಳಿಯದ ಧಣಿಗೆ ಅದು ಹೊಳೆಯಲಿಲ್ಲ.

ಗಾಜಿನ ಹಿಂದೆ ಅಪ್ಪನ ಅಚ್ಚುಗಳು ಉಳಿದವು. ಅಚ್ಚಿನಕ್ಕ ಒದ್ದೆ ಬಟ್ಟೆಯನ್ನು ಚೀಲದ ತಳಕ್ಕಿಟ್ಟು, ಮೇಲೆ ಊಟದ ಡಬ್ಬಿ ಇಟ್ಟು, ಚಪ್ಪಲಿ ಮೆಟ್ಟಿ ಹೊರಟಳು. ಬೀದಿಯ ತಿರುವಿನವರೆಗೂ ಚೀಲ ತೊಟ್ಟಿಕ್ಕುತ್ತಿತ್ತು.