ನೋಡುತ್ತಿದ್ದವಳಿಗೆ ನೀರು

ಆರಿದ್ರಾ ಮಳೆ ಒಂದು ಝಡಿ ಸುರಿದು ಆಗಷ್ಟೇ ನಿಂತಿತ್ತು. ಮುಂಜಾನೆ ಹತ್ತೂವರೆ ಆಗಿರಬೇಕು. ಭಾಲ್ಕಿ ಸ್ಟೇಷನ್ ಹಿಂದಿನ ಓಣಿಯಲ್ಲಿ, ಮಗಳು ಹೀರಾಬಾಯಿಯ ಮನೆಯ ಹೊಸ್ತಿಲ ಹೊರಗೆ ಬಕ್ಕಪ್ಪ ಕಂಬಳಿ ಹಾಸಿಕೊಂಡು, ಬಡಿಗೆ ಅಡ್ಡ ಇಟ್ಟುಕೊಂಡು ಕುಳಿತಿದ್ದ. ಒಳಗೆ ಮೊಮ್ಮಗಳು ಸಪ್ನಾ ಪರೀಕ್ಷೆಗೆ ಕುಳಿತಿದ್ದಳು.

ಜನವಾಡದ ಅವರ ಮನೆಯಲ್ಲಿ ನೆಟ್ ಬಂದಷ್ಟೇ ಬೇಗ ಹೋಗುತ್ತಿತ್ತು, ಅದಕ್ಕೇ ಇಲ್ಲಿಗೆ ಬಂದಿದ್ದರು. ದನದ ಡಾಕ್ಟರಕಿ ಓದು ಮುಗಿಸಿದ ಹುಡುಗಿ. ಕುರಿಗಳ ರೋಗದ ಬಗ್ಗೆ ಮುಂದೆ ಓದಲು ಸ್ಕಾಟ್ಲೆಂಡಿನ ಒಂದು ಯುನಿವರ್ಸಿಟಿಯವರು ಸೀಟು ಕೊಡುತ್ತೇವೆಂದು ಬರೆದಿದ್ದರು. ಆದರೆ ಬರುವ ತಿಂಗಳ ಐದನೇ ತಾರೀಕಿನೊಳಗೆ ಇಂಗ್ಲಿಷ್ ಪರೀಕ್ಷೆಯ ಮಾರ್ಕು ಅವರ ಕೈ ಸೇರಬೇಕು. ಇಲ್ಲದಿದ್ದರೆ ಸೀಟು ಹೋಯಿತು. ಈ ಪರೀಕ್ಷೆ ಯಾಕೆಂಬುದೇ ಬಕ್ಕಪ್ಪನಿಗೆ ಮೊದಲಿನಿಂದಲೂ ತಿಳಿದಿರಲಿಲ್ಲ.

"ಐದು ವರ್ಷ ಬೀದರದಾಗ ಇಂಗ್ಲಿಷ್‌ನ್ಯಾಗೇ ಓದೀದಿ. ಮತ್ತ ಯಾಕ ಕೇಳ್ತಾರ ಇಂಗ್ಲಿಷ್ ಬರ್ತದೋ ಇಲ್ಲೋ ಅಂತ?"

"ಕುರಿ ಕೊಳ್ಳಾವ ಬಾಯಿ ತೆರೆದು ಹಲ್ಲು ನೋಡಂಗಿಲ್ಲೇನು ಮುತ್ಯಾ? ಹಂಗೇ ಇದು."

"ಹಲ್ಲು ಒಮ್ಮೆ ನೋಡ್ತಾನವ್ವ. ಇವರು ಬರಸಿ ನೋಡ್ತಾರ, ಮಾತಾಡ್ಸಿ ನೋಡ್ತಾರ, ಕಿವಿ ಸೈತ ನೋಡ್ತಾರ!"

ಅವತ್ತು ಮುಂಜಾನೆ ಸಪ್ನಾ ಎಲ್ಲರಿಗೂ ತಾಕೀತು ಮಾಡಿದ್ದಳು. ಎರಡೂವರೆ ತಾಸು ಯಾರೂ ಒಳಗೆ ಬರಬಾರದು, ಸದ್ದು ಆಗಬಾರದು.

"ಕಂಪ್ಯೂಟರದಾಗಿಂದ ಒಬ್ಬಾಕಿ ನನ್ನನ್ನೇ ನೋಡ್ಕೋತ ಕೂತಿರ್ತಾಳ. ನಾ ಕಣ್ಣು ಆ ಕಡಿ ಹೊಳ್ಳಿಸಿದ್ರೂ ಆಕಿಗಿ ಗೊತ್ತಾಗ್ತದ."

"ಊಟಾ ಮಾಡಿ ಕೂತಾಳೋ ಇಲ್ಲೋ?"

"ಅದು ನನಗೇನ ಗೊತ್ತು, ಮುತ್ಯಾ!"

ಹೀರಾಬಾಯಿ ಚೀಲ ಹಿಡಿದು ಬಜಾರಕ್ಕೆ ಹೋದಳು. ಬಕ್ಕಪ್ಪ ಬಾಗಿಲು ಕಾಯ್ದ. ಪಕ್ಕದ ಮನೆಯ ಮಹಮೂದಾ ಬೇಗಂ ಬಟ್ಟಲು ಹಿಡಿದು ಬಂದಾಗ ತುಟಿಯ ಮೇಲೆ ಬೆರಳಿಟ್ಟ.

"ಏನಾತ್ರೀ ಕಾಕಾ? ಒಳಗ ಯಾರಿಗರೆ ಆರಾಮಿಲ್ಲೇನ್ರಿ?"

"ಇಂಗ್ಲಿಷ್ ನಡದದ ಬೀಬಿ," ಎಂದು ಪಿಸುಗುಟ್ಟಿದ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, ನಗುತ್ತ ತುದಿಗಾಲಲ್ಲಿ ಹಿಂದಿರುಗಿದಳು.

ಒಂದು ತಾಸು ಕಳೆಯಿತು. ಆಮೇಲೆ ಬಕ್ಕಪ್ಪನ ಮನಸ್ಸಿಗೆ ಕಸಿವಿಸಿ ಶುರುವಾಯಿತು. ನಿಜಾಮನ ಕಾಲದಲ್ಲಿ ಕಂದಾಯದ ಗಿರದಾವರ ಹೊಲ ಅಳೆಯಲು ಬಂದರೆ ಊರಿಗೆ ಊರೇ ಒಳಗೊಳಗೆ ಶಪಿಸುತ್ತಿತ್ತು. ಆದರೂ ಅಪ್ಪ ಮೊದಲು ನೀರು ಕೊಟ್ಟು, ಆಮೇಲೆ ಜಗಳಕ್ಕೆ ನಿಲ್ಲುತ್ತಿದ್ದ. ಇಲ್ಲಿ ನಮ್ಮ ಕೂಸಿನ ಸಲುವಾಗಿ ಒಂದು ಹೆಣ್ಣುಮಗಳು ಒಂದು ತಾಸಿನಿಂದ ಮನೆಯೊಳಗೆ ಕುಳಿತಿದ್ದಾಳೆ. ಮನೆಯ ಹಿರಿಯನಾದವನು ಆಕೆಗೆ ಬೆನ್ನು ಕೊಟ್ಟು, ಬಡಿಗೆ ಹಿಡಿದು ಹೊರಗೆ ಕುಳಿತಿದ್ದಾನೆ. ಇದೆಂಥ ನಡತೆ?

ಎದ್ದ. ಹೊರಗಿನ ಒಲೆಯ ಪಕ್ಕದ ಕೊಡದಿಂದ ತಂಬಿಗೆ ತುಂಬಿಕೊಂಡ, ತಾಟಿನಲ್ಲಿ ಬೆಲ್ಲದ ಚೂರು ಇಟ್ಟ. ಸದ್ದಾಗಬಾರದೆಂದು ಕೆರ ಬಿಟ್ಟು, ಬಾಗಿಲು ಮೆಲ್ಲಗೆ ದೂಡಿ ಒಳಗೆ ಹೋದ. ಕಂಪ್ಯೂಟರಿನ ಪಕ್ಕ ತಂಬಿಗೆ ಇಟ್ಟು ಕೈ ಮುಗಿದ.

"ಶರಣ್ರೀ ತಾಯಿ."

ಸಪ್ನಾ ಹೊರಳಲಿಲ್ಲ. ಒಂದು ಹೆಣ್ಣುದನಿ ಕಂಪ್ಯೂಟರಿನೊಳಗಿನಿಂದ ಏನೋ ಕೇಳಿತು, ಇನ್ನೊಮ್ಮೆ ಕೇಳಿತು. ಉಪಚಾರಕ್ಕೆ ಬೇಡ ಎನ್ನುತ್ತಿದ್ದಾಳೆಂದುಕೊಂಡು ಬಕ್ಕಪ್ಪ ತಾಟನ್ನು ಇನ್ನಷ್ಟು ಹತ್ತಿರ ಸರಿಸಿದ. ಪರದೆ ಬೆಳ್ಳಗಾಯಿತು. ಅದರಲ್ಲಿ ಎರಡು ಸಾಲು ಅಕ್ಷರ ನಿಂತವು.

"ಹೋದ್ಳೇನವ್ವ?"

"ಹೂಂ ಮುತ್ಯಾ. ಹೋದ್ಳು."

ಹೀರಾಬಾಯಿ ಬಂದವಳೇ ಚೀಲ ನೆಲಕ್ಕೆ ಒಗೆದಳು. "ಯಪ್ಪಾ, ಆಕಿ ಅದರಾಗಿಂದ ಕೈ ಚಾಚಿ ಬೆಲ್ಲ ತಗೋತಿದ್ಳೇನು? ಊರ ಮಂದೀಗಿ ಕಾಯ್ದಿ. ನಿನಗ ಯಾರು ಕಾಯಬೇಕಿತ್ತು?"

ಸಪ್ನಾ ಪರೀಕ್ಷೆಯವರಿಗೆ ಫೋನು ಮಾಡಿದಳು, ಬರೆದಳು. ಕೋಣೆಯಲ್ಲಿ ಇನ್ನೊಬ್ಬರು ಬಂದು ಮಾತಾಡಿದ್ದರಿಂದ ಪರೀಕ್ಷೆ ರದ್ದು, ಮನೆಯಿಂದ ಮತ್ತೆ ಬರೆಯುವಂತಿಲ್ಲ ಎಂದರು. ಹೈದರಾಬಾದಿಗೆ ಹೋಗಿ ಬರೆಯೋಣವೆಂದರೆ ಬರುವ ತಿಂಗಳ ಹತ್ತನೇ ತಾರೀಕಿನವರೆಗೆ ಜಾಗವಿರಲಿಲ್ಲ.

"ನಾ ಹೇಳ್ತೇನಿ, ನೀ ಬರಿ," ಎಂದ ಬಕ್ಕಪ್ಪ. "ಹುಡುಗಿ ನನ್ನ ಕಡಿ ಹೊಳ್ಳಿ ಸೈತ ನೋಡಿಲ್ಲ. ನನಗ ಇಂಗ್ಲಿಷ್ ಬರಂಗಿಲ್ಲ, ನಾ ಹ್ಯಾಂಗ ಹೇಳಿಕೊಡ್ಲಿ? ಬೇಕಂದ್ರ ಹೆಬ್ಬೆಟ್ಟು ಒತ್ತತೇನಿ."

ಸಪ್ನಾ ಅವನ ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು. ಎರಡು ದಿನದ ಮೇಲೆ ಉತ್ತರ ಬಂತು.

"ಏನಂದ್ರು?"

"ನೀ ಹೇಳಿದ್ದು ಖರೆ ಇರಬಹುದು ಅಂದಾರ. ಆದ್ರ ಕಾಯ್ದಾ ಕಾಯ್ದಾನೇ ಅಂತ."

ಆ ವರ್ಷದ ಸೀಟು ಹೋಯಿತು. ಬರುವ ವರ್ಷ ಮತ್ತೆ ಅರ್ಜಿ ಹಾಕಿರಿ ಎಂದು ಯುನಿವರ್ಸಿಟಿಯವರು ಬರೆದರು. ಸಪ್ನಾ ಮುತ್ಯಾನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಪ್ಪು ಎಲ್ಲಿದೆಯೆಂದಾದರೂ ತಿಳಿಯುತ್ತಿತ್ತು. ತಾನು ಮಾಡಿದ್ದನ್ನು ಬಕ್ಕಪ್ಪ ಕುರಿ ಹಿಂದೆ ನಡೆಯುತ್ತ ಎಷ್ಟು ಸಲ ತಿರುವಿ ನೋಡಿದರೂ, ನೀರು ಕೊಡದೆ ಇರುವುದೇ ತಪ್ಪಾಗಿ ಕಾಣುತ್ತಿತ್ತು. ಹುಡುಗಿಯ ಮುಖ ನೋಡಿದರೆ ಹಾಗೂ ಅನಿಸುತ್ತಿರಲಿಲ್ಲ.

ಶ್ರಾವಣದಲ್ಲಿ ಅವಳಿಗೆ ಔರಾದಿನ ಪಶು ಆಸ್ಪತ್ರೆಯಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಸಿಕ್ಕಿತು. ಬೀದರದಿಂದ ಬಂದ ಬಸ್ಸು ಜನವಾಡದಲ್ಲಿ ನಿಂತು, ಡ್ರೈವರ್ ಚಹಾಕ್ಕೆ ಇಳಿದ. ಸಪ್ನಾ ಕಿಟಕಿ ಪಕ್ಕ ಕುಳಿತು ಕಿವಿಗೆ ವೈರು ಸಿಕ್ಕಿಸಿಕೊಂಡಳು. ಯಾರೋ ಹೇಳಿದ್ದನ್ನು ಅವಳ ತುಟಿ ಸದ್ದಿಲ್ಲದೆ ತಿರುಗಿ ಹೇಳುತ್ತಿತ್ತು.

ಕಿಟಕಿಯ ಕೆಳಗೆ ನಿಂತ ಬಕ್ಕಪ್ಪನಿಗೆ ಹೇಳುವ ಮಾತು ನಾಲ್ಕಿದ್ದವು. ಆದರೆ ಒಳಗೆ ಇಂಗ್ಲಿಷ್ ನಡೆದಿತ್ತು. ಕೆಮ್ಮು ಬಂತು. ಟವೆಲ್ಲಿನ ಚುಂಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಅದನ್ನು ಒಳಗೇ ನುಂಗಿದ. ಬಸ್ಸು ಹೊರಟಾಗ ಅವಳು ಕೈ ಎತ್ತಿದಳು. ಟವೆಲ್ಲು ತೆಗೆಯದೆ ಅವನೂ ಎತ್ತಿದ.