ತಾರಸಿಯ ನಡಿಗೆ

ಬಾಗಿಲನ್ನು ಯಾರೋ ಬಡಿದರು. ಕರೆಗಂಟೆ ಇದ್ದೂ ಅದನ್ನು ಒತ್ತದೆ, ನೆರೆಮನೆಗೆ ಕೇಳಬಾರದೆಂಬ ಎಚ್ಚರದಿಂದ ಬೆರಳ ಗೆಣ್ಣಿನಲ್ಲಿ ಬಡಿದ ಸದ್ದು. ರಾತ್ರಿಯೂಟ ಮುಗಿಸಿ ಕುಳಿತಿದ್ದ ಅಬೂಬಕ್ಕರ್ ಏಳಹೊರಟಾಗ ಹೆಂಡತಿ ಐಸಮ್ಮ ಕಣ್ಣಲ್ಲೇ ತಡೆದಳು. ಬೆಳ್ತಂಗಡಿಯಿಂದ ಬಂದಿದ್ದ ಅವಳ ತಮ್ಮ ಅನ್ಸಾಫ್ ಹೋಗಿ ಚಿಲಕ ತೆಗೆದ.

ಹೊರಗೆ ಬದ್ರುದ್ದೀನ್ ನಿಂತಿದ್ದ. ಮಗಳು ಜಸ್ನಾಳಿಗೆ ಮೂಡುಬಿದಿರೆಯ ಸಂಬಂಧ ತಂದ ದಲ್ಲಾಳಿ ಅವನು. ಗೇಟು ದಾಟುವ ಮೊದಲೇ ಚಾಯಕ್ಕೆ ಹೇಳುವ ಮನುಷ್ಯ ಅಂದು ಚಪ್ಪಲಿಯನ್ನೂ ಕಳಚಲಿಲ್ಲ.

"ಒಳಗೆ ಬನ್ನಿ ಬದ್ರಾಕ, ಕೂತ್ಕೊಳ್ಳಿ," ಎಂದ ಅಬೂಬಕ್ಕರ್.

"ಕೂರುವಂಥ ಮಾತಲ್ಲ ಇದು. ಮೂಡುಬಿದಿರೆಯವರು ಬೇಡ ಅಂದ್ರು."

"ಎಂಥ ಬೇಡ?"

"ಸಂಬಂಧ ಬೇಡ. ನಿಮಗೆ ಹಾರ್ಟ್ ಅಟ್ಯಾಕ್ ಆದದ್ದು ಅವರಿಗೆ ಗೊತ್ತಾಗಿದೆ. ನನಗೇ ಗೊತ್ತಿರಲಿಲ್ಲ ಮಾರಾಯ್ರೆ. ಹುಡುಗನ ಉಮ್ಮ ರುಖಿಯಮ್ಮನ ಮುಂದೆ ನಾನು ಕಳ್ಳನ ಹಾಗೆ ನಿಲ್ಲಬೇಕಾಯ್ತು."

"ಯಾರು ಹೇಳಿದ್ದು?"

"ಹೆಸರು ಕೇಳ್ಬೇಡಿ. ಆಣೆ ಹಾಕಿಸಿದ್ದಾರೆ." ಬದ್ರುದ್ದೀನ್ ಬಂದ ಹಾಗೆಯೇ ಸದ್ದಿಲ್ಲದೆ ಹೋದ.

ಗುಟ್ಟು ಮನೆಯ ಹೊಸಿಲು ದಾಟಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ, ಅಬೂಬಕ್ಕರ್ ಬೆಳ್ತಂಗಡಿಯ ಹೆಂಡತಿಮನೆಯಲ್ಲಿ ಜ್ವರ ಹಿಡಿದು ಬಿದ್ದಿದ್ದಾನೆಂದು ಬಂಟ್ವಾಳ ಪೇಟೆ ನಂಬಿತ್ತು. ಹಾಗೆ ನಂಬಿಸಿದವಳು ಐಸಮ್ಮ. ಹುಡುಗಿಯ ತಂದೆಗೆ ಹೃದಯದ ಕಾಯಿಲೆ ಎಂದರೆ ಅದು ಹುಡುಗಿಯ ರಕ್ತದಲ್ಲೂ ಇದೆಯೆಂದು ಲೆಕ್ಕ ಹಾಕುವ ಊರಿದು. ನಿಕಾಹ್ ಮುಗಿಯಲಿ, ಆಮೇಲೆ ಜಗತ್ತಿಗೇ ಸಾರೋಣ ಎಂಬುದು ಅವಳ ವಾದ.

ಆದರೆ ಡಾಕ್ಟರು ನಡೆಯಬೇಕೆಂದಿದ್ದರು. ಸಮತಟ್ಟಾದ ದಾರಿಯಲ್ಲಿ, ಬೆಳಗಿನ ತಂಪಿನಲ್ಲಿ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ. ಊಟವಾದ ಕೂಡಲೇ ಕೂಡದು, ಒಬ್ಬನೇ ಕೂಡದು. ನಡೆಯುತ್ತಿರುವಾಗ ಮಾತು ತುಂಡಾಗದೆ ಬರಬೇಕು, ತುಂಡಾದರೆ ನಿಲ್ಲಬೇಕು. ಮೊದಲ ಬೆಳಗುಗಳಲ್ಲಿ ಜಸ್ನಾ ಜೊತೆಗೆ ಬಂದಿದ್ದಳು. ತಂದೆಯ ಉಸಿರನ್ನು ಅಳೆಯಲೆಂದೇ ದಾರಿಯುದ್ದಕ್ಕೂ ಏನಾದರೊಂದು ಕೇಳುತ್ತಿದ್ದಳು. "ಉಪ್ಪ, ಅಂಗಡಿಯಲ್ಲಿ ಎಂತೆಂಥ ಮೊಳೆ ಉಂಟು, ಎಲ್ಲದರ ಹೆಸರು ಹೇಳಿ ನೋಡುವ." ಅವನು ಹೇಳುತ್ತ ನಡೆಯುತ್ತಿದ್ದ. ಹಾರ್ಡ್‌ವೇರ್ ಅಂಗಡಿಯ ಸರಕೆಲ್ಲ ನೇತ್ರಾವತಿಯ ದಂಡೆಯ ಗಾಳಿಗೆ ಹಾರುತ್ತಿತ್ತು.

ಆದರೆ ಬಂಟ್ವಾಳದಲ್ಲಿ ಅಂಗಡಿಯ ಧನಿ ಕಾಲ್ನಡಿಗೆಯಲ್ಲಿ ಹೋಗುವುದನ್ನು ಕಂಡು ಸುಮ್ಮನಿರುವವರು ಯಾರು? ಬೈಕು ನಿಲ್ಲುತ್ತಿತ್ತು, ಕಾರು ನಿಲ್ಲುತ್ತಿತ್ತು. "ಬನ್ನಿ, ಹತ್ತಿ, ಬಿಡ್ತೇನೆ." ಬೇಡವೆನ್ನಲು ಕಾರಣ ಹೇಳಬೇಕು, ಹೇಳುವಂತಿಲ್ಲ. ಹತ್ತುತ್ತಿದ್ದ. ಹೊರಟ ನಡಿಗೆ ಯಾರದೋ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಮುಗಿಯುತ್ತಿತ್ತು. ಕೊನೆಗೆ, ವಯಸ್ಸಿಗೆ ಬಂದ ಮಗಳನ್ನು ಬೀದಿಯಲ್ಲಿ ನಡೆಸುವುದೇಕೆಂದು ಒಬ್ಬರು ಕೇಳಿದ ದಿನ ಐಸಮ್ಮ ಅದಕ್ಕೂ ತೆರೆ ಎಳೆದಳು. "ಟೆರೇಸಿನಲ್ಲಿ ನಡೀರಿ. ಕತ್ತಲಾದ ಮೇಲೆ ಯಾರು ನೋಡ್ತಾರೆ?"

ಹೀಗೆ ಅವನು ಹೊಟ್ಟೆ ತುಂಬ ಉಂಡು, ಮೆಟ್ಟಿಲು ಹತ್ತಿ, ಒಣಗುವ ಬಟ್ಟೆಗಳ ನಡುವೆ ಒಬ್ಬನೇ ಗಿರಕಿ ಹೊಡೆಯತೊಡಗಿದ. ಡಾಕ್ಟರು ಬೇಡವೆಂದದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಒಂದೆಡೆ ಸೇರಿಸಿದ ನಡಿಗೆ. ಕಳೆದ ವಾರ ಎದೆಯೊಳಗೆ ಯಾರೋ ಹಗ್ಗ ಬಿಗಿದಂತಾಗಿ ಟ್ಯಾಂಕಿನ ಬುಡದಲ್ಲಿ ಕುಸಿದು ಕುಳಿತಿದ್ದ. ಬಟ್ಟೆ ತೆಗೆಯಲು ಬಂದ ಜಸ್ನಾಳೇ ಅವನ ಕಿಸೆಯಿಂದ ಮಾತ್ರೆ ತೆಗೆದು ನಾಲಿಗೆಯ ಅಡಿಗೆ ಇಟ್ಟವಳು. "ಉಮ್ಮನಿಗೆ ಹೇಳ್ಬೇಡ ಮಗಾ," ಎಂದಿದ್ದ. ಅವಳು ಹೇಳಿರಲಿಲ್ಲ.

"ನಾನು ಹೇಳಿದ್ದೆ," ಈಗ ಐಸಮ್ಮ ಸಿಡುಕಿದಳು. "ರಸ್ತೆಗೆ ಇಳಿಯಬೇಡಿ ಅಂತ. ಈಗ ನೋಡಿ."

"ರಸ್ತೆಗೆ ಇಳಿಯದೆ ತಿಂಗಳಾಯ್ತು. ಇದು ಮನೆಯೊಳಗಿನ ಬಾಯಿ." ಅಬೂಬಕ್ಕರ್ ಅನ್ಸಾಫನತ್ತ ತಿರುಗಿದ. "ನಿನ್ನ ಹೆಂಡತಿಯ ತಮ್ಮನಿಗೆ ಜಸ್ನಾಳನ್ನು ಕೇಳಿದ್ದೆ ನೀನು. ನಾನು ಕೊಡಲಿಲ್ಲ."

"ಭಾವ, ಆ ಮಾತು ಅಲ್ಲಿಗೇ ಮುಗಿದಿತ್ತು."

"ನಿನಗೆ ಮುಗಿದಿರಲಿಲ್ಲ."

"ಆಸ್ಪತ್ರೆಯಲ್ಲಿ ನಿಮ್ಮ ಮೂತ್ರದ ಪಾತ್ರೆ ಹಿಡಿದವ ನಾನು. ಅದನ್ನೂ ಹೋಗಿ ಹೇಳಿ ಬರ್ಲಾ ಮೂಡುಬಿದಿರೆಗೆ?" ಅನ್ಸಾಫ್ ಬೈಕಿನ ಕೀಲಿ ತೆಗೆದುಕೊಂಡ. ಐಸಮ್ಮ ತಮ್ಮನ ಹಿಂದೆ ಅಂಗಳದವರೆಗೆ ಓಡಿದಳು. ಹಿಂತಿರುಗಿದವಳು ಗಂಡನ ಮುಖ ನೋಡಲಿಲ್ಲ.

ಜಸ್ನಾ ನೀರಿನ ಲೋಟ ಮತ್ತು ರಾತ್ರಿಯ ಮಾತ್ರೆ ಹಿಡಿದು ಬಂದಳು. ಅಬೂಬಕ್ಕರ್ ಅದಕ್ಕೆ ಕೈ ಚಾಚಲಿಲ್ಲ.

"ಯಾರು ಈ ಕೆಲಸ ಮಾಡಿದರೋ, ಅವರು ನಾನು ಸತ್ತರೆ ನನ್ನ ಮಯ್ಯತ್ತಿನ ಮುಖ ನೋಡಲಿಕ್ಕೂ ಬರಬಾರದು. ಅಲ್ಲಾಹನ ಮೇಲೆ ಆಣೆ."

"ಮಾತ್ರೆ ತಗೊಳ್ಳಿ ಉಪ್ಪ," ಎಂದಳು ಅವಳು. ಅವನು ನುಂಗುವವರೆಗೂ ನಿಂತಿದ್ದು ಲೋಟ ತೆಗೆದುಕೊಂಡು ಹೋದಳು.

ಮುಂಜಾನೆ ಅವನು ಗೇಟು ತೆರೆದು ನೇರ ರಸ್ತೆಗೆ ಇಳಿದ. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಜಸ್ನಾ ಶಾಲು ಹೊದ್ದು ಗೇಟಿನ ಬಳಿಗೆ ಬಂದಿದ್ದಳು. ಸಂಬಂಧ ಮುರಿದ ಹುಡುಗಿಯನ್ನು ಊರಿನ ಕಣ್ಣಿಗೆ ಹಾಕುವುದು ಬೇಡವೆಂದು ಅವನೇ ಹಿಂದಕ್ಕೆ ಕಳಿಸಿದ.

ಚಿನ್ನಯ್ಯನ ರಿಕ್ಷಾ ಪಕ್ಕದಲ್ಲಿ ನಿಂತಿತು. "ಹತ್ತಿ ಬ್ಯಾರಿಗಳೇ."

"ಬೇಡ ಚಿನ್ನಯ್ಯ. ನನಗೆ ಹಾರ್ಟ್ ಅಟ್ಯಾಕ್ ಆಗಿದೆ. ನಡೀಲಿಕ್ಕೆ ಹೇಳಿದ್ದಾರೆ."

"ಅಷ್ಟೆಯಾ? ನನ್ನ ಮಾವನಿಗೂ ಆಗಿದೆ, ಈಗ ದಿನಾ ಗುಡ್ಡೆ ಹತ್ತಿ ಇಳೀತಾರೆ. ಮೊದಲೇ ಹೇಳಿದ್ರೆ ನಾನು ನಿಲ್ಲಿಸ್ತಲೇ ಇರ್ಲಿಲ್ಲ. ನಿಧಾನ ಹೋಗಿ." ರಿಕ್ಷಾ ಮುಂದಕ್ಕೆ ಹೋಯಿತು.

ಇಷ್ಟೇ ಇತ್ತು. ತಿಂಗಳುಗಟ್ಟಲೆ ಬಾಯಿಯಲ್ಲಿ ಅದುಮಿಟ್ಟುಕೊಂಡ ಮಾತು ಇಷ್ಟೇ ಹಗುರವಾಗಿತ್ತು. ಅದರ ಬೆಲೆಯನ್ನು ಮಾತ್ರ ಮನೆಯ ಹುಡುಗಿ ತೆತ್ತಳು ಎಂದುಕೊಂಡಾಗ ಬಾಯಿ ಕಹಿಯಾಯಿತು.

ಬದ್ರುದ್ದೀನ್ ಪೇಟೆಯ ಹೋಟೆಲಿನ ಹೊರಗಿನ ಬೆಂಚಿನಲ್ಲಿ ಚಾಯ ಕುಡಿಯುತ್ತಿದ್ದ. ಅಬೂಬಕ್ಕರನನ್ನು ಕಂಡು ಸರಿದು ಜಾಗ ಕೊಟ್ಟ.

"ನಿನ್ನೆ ರಾತ್ರಿ ಅನ್ಸಾಫನನ್ನು ಮನೆಯಿಂದ ಹೊರಗೆ ಹಾಕಿದೆ ಬದ್ರಾಕ. ಅವನೇ ತಾನೇ? ಅಲ್ಲ ಅಂತಾದರೆ ಈಗ ಹೇಳಿ. ನಿಮ್ಮ ಆಣೆಗಿಂತ ಆ ಪಾಪ ದೊಡ್ಡದು."

ಬದ್ರುದ್ದೀನ್ ಹೋಟೆಲಿನ ಒಳಗೊಮ್ಮೆ ಇಣುಕಿ ನೋಡಿ ಸ್ವರ ತಗ್ಗಿಸಿದ.

"ಅನ್ಸಾಫ್ ಅಲ್ಲ. ಪಾಪ, ಅವನಿಗೆ ಫೋನು ಮಾಡಿ ಕರೀರಿ. ರುಖಿಯಮ್ಮನಿಗೆ ಹೇಳಿದ್ದು ಒಂದು ಹೆಣ್ಣು. 'ಇವರು ರಸ್ತೆಯಲ್ಲಿ ನಡೀಬೇಕು, ಅಡಗಿಸಿಟ್ಟರೆ ಸಾಯ್ತಾರೆ. ಇಂಥವರ ಮನೆಯ ಸಂಬಂಧ ಬೇಡ ಅಂತಾದರೆ ಈಗಲೇ ಹೇಳಿ' ಅಂತ ಕೇಳಿತಂತೆ."

"ಐಸಮ್ಮನಾ?"

ಬದ್ರುದ್ದೀನ್ ಲೋಟ ಕೆಳಗಿಟ್ಟ.

"ಜಸ್ನಾ."